ಅಕ್ಕನ ತೋಳಿನ ಅಳತೆ

ಗೋಕಾಕದ ನಮ್ಮ ಓಣಿಯಲ್ಲಿ ಇಪ್ಪತ್ತು ವರ್ಷ ಕುಪ್ಪಸ ಹೊಲಿದವಳು ನಾನು. ಹೆಣ್ಣುಮಕ್ಕಳ ಮುಖ ಮರೆತೇನು, ತೋಳು ಮರೆಯುವುದಿಲ್ಲ. ನನ್ನ ಕೈಗೆ ಟೇಪು ಬಂದದ್ದು ತೀರ ಈಚೆಗೆ. ಅದಕ್ಕೂ ಮೊದಲು ಅಳತೆಯೆಲ್ಲ ದಾರದಲ್ಲಿ. ಒಬ್ಬೊಬ್ಬಳಿಗೆ ಒಂದೊಂದು ದಾರ. ತೋಳಿಗೆ ಒಂದು ಗಂಟು, ಬಗಲಿಗೆ ಒಂದು, ಬೆನ್ನಿಗೆ ಒಂದು. ಗೋಡೆಯ ಮೊಳೆಗೆ ನೇತುಹಾಕಿದ ಅಷ್ಟು ದಾರಗಳಲ್ಲಿ ಯಾವುದು ಯಾರದು ಎಂದು ಮುಟ್ಟಿಯೇ ಹೇಳುತ್ತಿದ್ದೆ. ಯಾರು ಬಾಣಂತನ ಮುಗಿಸಿ ಇಳಿದುಹೋದರು, ಯಾರು ತವರಿಗೆ ಹೋಗಿ ಮೈ ತುಂಬಿಕೊಂಡು ಬಂದರು, ಇದೆಲ್ಲ ಅವರ ಗಂಡಂದಿರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು.

ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಮುಂದೆ ನಾನು ಒಬ್ಬ ಡಾಕ್ಟರರಿಗೆ ಎದುರಾಡಿದ ಮಾತು ಬರುತ್ತದೆ. ಓದಿದವರಲ್ಲಿ ಕೆಲವರು, ಇವಳಿಗೇನು ತಿಳಿಯುತ್ತದೆ ಅಂದಾರು. ಅನ್ನಲಿ. ನನಗೆ ತೋಳು ತಿಳಿಯುತ್ತದೆ. ಅವತ್ತಿಗೆ ಅಷ್ಟು ಸಾಕಾಗಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ನಮ್ಮ ಓಣಿಯ ಕೊನೆಯ ಮನೆಯನ್ನು ಒಬ್ಬ ಡಾಕ್ಟರರು ಹಿಡಿದರು. ಜ್ವರಕ್ಕೆ ಔಷಧ ಕೊಡುತ್ತಿದ್ದರು, ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದರು. ಆದರೆ ಅವರು ಬಂದದ್ದು ಅದಕ್ಕಲ್ಲ. ರಕ್ತದ ಒತ್ತಡದ ಬಗ್ಗೆ ಸಂಶೋಧನೆ ಮಾಡುವುದಕ್ಕೆ. ಪಟ್ಟಣದವರಿಗೆ ವಯಸ್ಸಾದಂತೆ ರಕ್ತನಾಳ ಗಡುಸಾಗಿ ಒತ್ತಡ ಏರುತ್ತದಂತೆ. ಜೋಳದ ರೊಟ್ಟಿ ತಿಂದು ಹೊಲದಲ್ಲಿ ದುಡಿಯುವವರಿಗೂ ಹಾಗೇ ಆಗುತ್ತದೆಯೋ ಇಲ್ಲವೋ, ಅದನ್ನು ಅವರು ನೋಡಬೇಕಾಗಿತ್ತು. ನನ್ನ ಯಜಮಾನರು ಸಾಲಿ ಮಾಸ್ತರರು. ಡಾಕ್ಟರರು ಸಂಜೆ ಅವರೊಡನೆ ಪೇಪರು ಓದಲು ನಮ್ಮ ಕಟ್ಟೆಗೆ ಬರುತ್ತಿದ್ದರು. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದರು.

ರಕ್ತನಾಳ ಗಡುಸಾಗುವುದೆಂದರೇನು ಎಂದು ನಾನೇ ಒಮ್ಮೆ ಕೇಳಿದೆ. ಬಾವಿಯಿಂದ ನೀರೆತ್ತುವ ತೊಗಲಿನ ಮೊಟ್ಟೆ ಹೊಸತಿದ್ದಾಗ ಮೆತ್ತಗಿರುತ್ತದೆ, ಎಣ್ಣೆ ಕಾಣದೆ ಬಿಸಿಲಿಗೆ ಬಿದ್ದರೆ ಸೆಟೆದು ಬಿರಿಯುತ್ತದಲ್ಲ, ಹಾಗೆ ಎಂದರು. ಒಳ್ಳೆಯ ಮಾತು ಹೇಳಿದರು ಅನ್ನಿಸಿತು. ಅವರು ಕೆಟ್ಟವರಲ್ಲ. ಇದನ್ನೂ ಈಗಲೇ ಬರೆದಿಡುತ್ತೇನೆ.

ಅವರ ಯಂತ್ರ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಮುಚ್ಚಳ ಎತ್ತಿದರೆ ಅದರಲ್ಲಿ ನಿಂತ ಗಾಜಿನ ನಳಿಗೆ, ನಳಿಗೆಯಲ್ಲಿ ಪಾದರಸ, ಬದಿಗೆ ಗೆರೆ ಅಂಕಿ. ಒಂದು ಅರಿವೆಯ ಪಟ್ಟಿ. ಪಟ್ಟಿಯ ಒಳಗೆ ರಬ್ಬರಿನ ಚೀಲ. ಪಟ್ಟಿಯನ್ನು ತೋಳಿಗೆ ಸುತ್ತಿ, ಕೈಯಲ್ಲಿಯ ರಬ್ಬರಿನ ಚೆಂಡು ಒತ್ತಿ ಚೀಲಕ್ಕೆ ಗಾಳಿ ತುಂಬಬೇಕು. ಚೀಲ ಉಬ್ಬಿ ತೋಳಿನ ನಾಳವನ್ನು ಅಮುಕಿ ರಕ್ತದ ಓಟ ನಿಲ್ಲಿಸುತ್ತದೆ. ಆಮೇಲೆ ಸಾವಕಾಶ ಗಾಳಿ ಬಿಟ್ಟರೆ ಪಾದರಸ ಇಳಿಯುತ್ತ ಬರುತ್ತದೆ. ರಕ್ತ ಮತ್ತೆ ಓಡತೊಡಗಿದ ಸಪ್ಪಳ ಕಿವಿಯ ನಳಿಗೆಯಲ್ಲಿ ಕೇಳಿದ ಕೂಡಲೇ ಪಾದರಸ ಎಲ್ಲಿದೆ ಎಂದು ನೋಡಿ ಬರೆದುಕೊಳ್ಳಬೇಕು.

ಗಂಡಸರು ಬಂದು ತೋಳು ಕೊಟ್ಟರು. ಹೆಣ್ಣುಮಕ್ಕಳು ಬರಲಿಲ್ಲ. ಪರಗಂಡಸಿನ ಕೈಗೆ ತೋಳು ಕೊಡುವುದು ಒಂದು, ನಮ್ಮ ಕಡೆಯ ಕುಪ್ಪಸ ಇನ್ನೊಂದು. ಖಣದ ಕುಪ್ಪಸದ ತೋಳು ಚರ್ಮಕ್ಕೆ ಅಂಟಿದ ಹಾಗೆ ಕೂಡಬೇಕು, ಇಲ್ಲದಿದ್ದರೆ ಹೊಲಿದವಳಿಗೆ ಹೆಸರಿಲ್ಲ. ಅದನ್ನು ಮೇಲಕ್ಕೆ ಸರಿಸಲು ಬರುವುದಿಲ್ಲ. ಹಾಗಾಗಿ ಡಾಕ್ಟರರು ನನ್ನನ್ನು ಕೇಳಿದರು. ನಾನು ಕುಪ್ಪಸದ ತೋಳಿನ ಒಳಹೊಲಿಗೆ ಬಿಚ್ಚಿ, ಪಟ್ಟಿ ಕಟ್ಟಿ, ಕೆಲಸ ಮುಗಿದ ಮೇಲೆ ಅವರ ಮೈಮೇಲೆಯೇ ಮತ್ತೆ ಹೊಲಿದು ಕಳಿಸುವುದು. ನಡುವೆ ಒಂದು ಧೋತರ ಕಟ್ಟಿ ಪರದೆ. ಆ ಕಡೆ ಡಾಕ್ಟರರು, ಈ ಕಡೆ ನಾನು ಮತ್ತು ಆಕೆ, ಪರದೆಯ ಅಂಚಿಗೆ ಎರಡೂ ಕಡೆಗೆ ಕಾಣುವಂತೆ ಪಾದರಸದ ಪೆಟ್ಟಿಗೆ. ಪರದೆಯ ಆಚೆ ಹೋಗುವುದು ಒಂದು ಕೈ ಮಾತ್ರ. ಯಜಮಾನರು ಹೋಗು ಅಂದರು. ನಾನು ಹೋದೆ.

ಮಮದಾಪುರ, ಮೇಲವಂಕಿ, ಹುಕ್ಕೇರಿ, ಮೂಡಲಗಿ, ಹೀಗೆ ವಾರಕ್ಕೊಂದು ಊರು. ಮಮದಾಪುರದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು ಕುರ್ಪಿ ಹಿಡಿದುಕೊಂಡೇ ಬಂದು ಸಾಲಾಗಿ ಕೂತಿದ್ದರು. ಪಾದರಸ ಏರಿದಾಗ ಒಬ್ಬಾಕೆ, ಇದು ನನ್ನ ಸಿಟ್ಟು ಅಳಿಯೂ ಯಂತ್ರೇನ ಎಂದು ಕೇಳಿದಳು. ಅವಳ ಗೆಳತಿ, ಹಂಗಿದ್ದರ ನಿನ್ನ ಅತ್ತೀಗಿ ಈ ನಳಿಗಿ ಸಾಲೂದಿಲ್ಲ ಬಿಡು ಎಂದಳು. ಪರದೆಯ ಆಚೆ ಡಾಕ್ಟರರೂ ನಕ್ಕದ್ದು ಕೇಳಿಸಿತು.

ಮೂಡಲಗಿಯಲ್ಲಿ ನನ್ನ ಅಕ್ಕನ ಮನೆ. ಭಾವನವರದು ಬೆಲ್ಲದ ವ್ಯಾಪಾರ. ಅವರನ್ನು ನಾನು ಮಾಮಾ ಎಂದೇ ಕರೆಯುವುದು. ಆ ಮನೆಯ ಪಡಸಾಲೆಯಲ್ಲೇ ನಾವು ಯಂತ್ರ ಇಟ್ಟೆವು. ಊರಿನ ಹೆಣ್ಣುಮಕ್ಕಳದೆಲ್ಲ ಮುಗಿದ ಮೇಲೆ ಅಕ್ಕ ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತ ಬಂದು ಕೂತಳು. ನಮ್ಮವ್ವನ ಮೈಕಟ್ಟು ಅವಳಿಗೆ ಬಂದಿತ್ತು, ನನಗೆ ಬರಲಿಲ್ಲ. ಅವಳ ತೋಳೆಂದರೆ ನನ್ನ ಮಂಡಿಗಿಂತ ದಪ್ಪ. ಪಟ್ಟಿ ಸುತ್ತಿದೆ. ತುದಿ ಸಿಕ್ಕಿಸಲು ಉಳಿಯಲಿಲ್ಲ. ಎಳೆದು ಹಿಡಿದು, ನನ್ನ ಚೀಲದಲ್ಲಿಯ ಲಾಡಿ ತೆಗೆದು ಬಿಗಿದು ಕಟ್ಟಿದೆ. ನಾನೇ ಕಟ್ಟಿದೆ. ಇದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಡಾಕ್ಟರರು ಎರಡು ಸಲ ನೋಡಿದರು. ಎದ್ದು ಭಾವನವರನ್ನು ಅಂಗಳಕ್ಕೆ ಕರೆದುಕೊಂಡು ಹೋದರು. ಒತ್ತಡ ಬಹಳ ಮೇಲಿದೆ, ನಾಳ ಯಾವ ಹೊತ್ತಿಗಾದರೂ ಒಡೆದೀತು, ಲಕ್ವಾ ಹೊಡೆದೀತು. ಹಾಸಿಗೆ ಬಿಟ್ಟು ಏಳಬಾರದು, ಒಲೆಯ ಮುಂದೆ ಕೂಡಬಾರದು, ಉಪ್ಪು ಮುಟ್ಟಬಾರದು ಎಂದರು. ಆಗ ಇದಕ್ಕೆ ಅವರಿಗೆ ತಿಳಿದ ಉಪಾಯ ಇಷ್ಟೇ. ಭಾವನವರ ತಾಯಿ ಅದೇ ಮನೆಯಲ್ಲಿ ಬೀಸುಕಲ್ಲಿನ ಮುಂದೆ ಲಕ್ವಾ ಹೊಡೆದು ಬಿದ್ದವರು. ಎಂಟು ತಿಂಗಳು ಮಾತಿಲ್ಲದೆ ಮಲಗಿ ಹೋದರು. ಅದನ್ನು ಕಂಡ ಮನುಷ್ಯ ಹೆದರದೆ ಏನು ಮಾಡುತ್ತಾರೆ. ಅವತ್ತೇ ಒಳಕೋಣೆಯಲ್ಲಿ ಅಕ್ಕನ ಹಾಸಿಗೆ ಬಿತ್ತು. ಸೊಂಟದಲ್ಲಿದ್ದ ಕೀಲಿಕೈಯ ಗೊಂಚಲು ಅವಳ ನೆಗೆಣ್ಣಿಯ, ಮೈದುನನ ಹೆಂಡತಿಯ, ಸೊಂಟಕ್ಕೆ ಹೋಯಿತು.

ಆ ಮೇಲೆ ನಾನು ಹದಿನೈದು ದಿನಕ್ಕೊಮ್ಮೆ ಮೂಡಲಗಿಗೆ ಹೋಗುತ್ತಿದ್ದೆ. ಪ್ರತಿ ಸಲವೂ ಅಕ್ಕ ಒಂದಿಷ್ಟು ಕಡಿಮೆಯಾಗಿರುತ್ತಿದ್ದಳು. ಮೈಯಲ್ಲಿ ಅಲ್ಲ, ಮೈ ಹಾಗೇ ಇತ್ತು. ಮಾತಿನಲ್ಲಿ. ಹತ್ತು ಜನರ ಮನೆಯನ್ನು ಕೂತಲ್ಲಿಂದ ನಡೆಸಿದವಳು, ನೀರು ಬೇಕಾದರೆ ಯಾರಾದರೂ ಬಾಗಿಲ ಮುಂದೆ ಹಾಯಲಿ ಎಂದು ಕಾಯುತ್ತಿದ್ದಳು. ಉಪ್ಪಿಲ್ಲದ ಬೇಳೆ, ಉಪ್ಪಿಲ್ಲದ ಮಜ್ಜಿಗೆ, ಉಪ್ಪಿಲ್ಲದ ಪಲ್ಯ. ಊರವರು ನೋಡಲು ಬರುತ್ತಿದ್ದರು. ಬಂದವರು ಹಾಸಿಗೆಯ ಪಕ್ಕ ಕೂತು ಯಾರು ಯಾರಿಗೆ ಲಕ್ವಾ ಹೊಡೆದು ಏನೇನಾಯಿತೆಂದು ಹೇಳಿ ಎದ್ದು ಹೋಗುತ್ತಿದ್ದರು. ಒಂದು ದಿನ ಮಠದ ಅಯ್ಯನವರು ಬಂದು ವಿಭೂತಿ ಹಚ್ಚಿ, ಶಿವನ ಇಚ್ಛೆ ಎಂದರು. ಅಕ್ಕ ಅವರು ಹೋದ ಮೇಲೆ ನನ್ನ ಕಡೆ ತಿರುಗಿ, 'ನನ್ನ ಇಚ್ಛಾ ಯಾರೂ ಕೇಳವಲ್ರು ನೋಡ ತಂಗಿ' ಎಂದಳು.

ಅವಳ ಇಚ್ಛೆ ನನಗೆ ಗೊತ್ತಿತ್ತು. ಅವಳಿಗೆ ಒಬ್ಬಳೇ ಮಗಳು, ಹತ್ತರಗಿಗೆ ಕೊಟ್ಟಿದ್ದರು. ಚೊಚ್ಚಲ ಬಸಿರು. ಏಳನೆಯ ತಿಂಗಳಿಗೆ ಕುಬಸದ ದಿನ ನಿಶ್ಚಯವಾಗಿತ್ತು. ನಮ್ಮಲ್ಲಿ ಕುಬಸವೆಂದರೆ ತವರಿನವರು ಹಸಿರು ಖಣದ ಕುಪ್ಪಸ, ಹಸಿರು ಸೀರೆ, ಹಸಿರು ಬಳೆ ತೆಗೆದುಕೊಂಡು ಬಸುರಿಯ ಮನೆಗೆ ಹೋಗಿ, ತಾಯಿ ತನ್ನ ಕೈಯಾರೆ ಆ ಕುಪ್ಪಸ ತೊಡಿಸಿ ಉಡಿ ತುಂಬುವುದು. ತಾಯಿ ಇದ್ದೂ ಬರದಿದ್ದರೆ ಹುಡುಗಿಯ ಮುಖ ಎಲ್ಲರ ನಡುವೆ ಎಷ್ಟು ಸಣ್ಣದಾಗುತ್ತದೆಂದು ಹೆಣ್ಣು ಹೆತ್ತವರಿಗೆ ಹೇಳಬೇಕಿಲ್ಲ. ಭಾವನವರು ನೆಗೆಣ್ಣಿ ಹೋಗಿ ಬರಲಿ ಎಂದು ಮುಗಿಸಿದ್ದರು. ಮೋಟಾರಿನಲ್ಲಿ ಕುಲುಕಾಡಿಸಿಕೊಂಡು ಹತ್ತರಗಿಗೆ ಹೋಗುವುದೆಂದರೆ ಅಕ್ಕನನ್ನು ಕೊಂದ ಹಾಗೆ ಎಂಬುದು ಅವರ ಎಣಿಕೆ. ಅಕ್ಕ ಒಂದು ಸಲ ಕೇಳಿದಳಂತೆ, ಎರಡು ಸಲ ಕೇಳಿದಳಂತೆ. ಮೂರನೆಯ ಸಲ ಕೇಳಲಿಲ್ಲವಂತೆ.

ಆ ಹಸಿರು ಕುಪ್ಪಸ ಹೊಲಿಯುವುದು ನನ್ನ ಪಾಲಿನದು. ಹುಡುಗಿಯ ಹಳೆಯ ದಾರ ಮೊಳೆಗೆ ಇತ್ತು, ಆದರೆ ಬಸುರಿ ತೋಳಿಗೆ ಹಳೆಯ ದಾರ ನಡೆಯುವುದಿಲ್ಲ. ಒಂದು ಬೆರಳು ಹೆಚ್ಚಿಗೆ ಹಿಡಿದು, ಒಳಗೆ ಇನ್ನೊಂದು ಬೆರಳು ಅರಿವೆ ಮಡಿಚಿ ಬಿಟ್ಟು ಹೊಲಿಯುತ್ತಿದ್ದೆ. ಚಿಕ್ಕ ಕುಪ್ಪಸವನ್ನು ದೊಡ್ಡ ತೋಳಿಗೆ ಏರಿಸಲು ಹೋದರೆ ಎಷ್ಟು ಎಳೆಯಬೇಕಾಗುತ್ತದೆ, ಹೊಲಿಗೆ ಎಲ್ಲಿ ಬಿಡುತ್ತದೆ ಎಂಬುದೆಲ್ಲ ಯೋಚಿಸದೆಯೇ ಕೈಗೆ ಗೊತ್ತಿರುವ ಮಾತು. ಹಾಗೆ ಹೊಲಿಯುತ್ತಿದ್ದಾಗ ಸೂಜಿ ನಿಂತಿತು. ಅಕ್ಕನ ತೋಳಿಗೆ ನಾನು ಲಾಡಿಯಿಂದ ಬಿಗಿದ ಪಟ್ಟಿ ಕಣ್ಣ ಮುಂದೆ ಬಂತು.

ಎಲ್ಲ ತೋಳಿಗೂ ಒಂದೇ ಪಟ್ಟಿ. ಮಮದಾಪುರದ ಕಳೆ ತೆಗೆಯುವಾಕೆಯ ಕಡ್ಡಿಯಂಥ ತೋಳಿಗೂ ಅದೇ, ಅಕ್ಕನ ತೋಳಿಗೂ ಅದೇ. ಬಡಕಲು ತೋಳಿನಲ್ಲಿ ರಬ್ಬರಿನ ಚೀಲ ಸುತ್ತಲೂ ಬಂದು ನಾಳವನ್ನು ಸಲೀಸಾಗಿ ಹಿಡಿಯುತ್ತದೆ. ಅಕ್ಕನ ತೋಳಿನಲ್ಲಿ ಅದು ಅರ್ಧಕ್ಕೂ ಬಂದಿರಲಿಲ್ಲ. ಅಷ್ಟು ಸಣ್ಣ ಚೀಲ ಅಷ್ಟು ಮಾಂಸವನ್ನು ಅಮುಕಿ ಒಳಗಿನ ನಾಳ ಮುಚ್ಚಬೇಕಾದರೆ ಗಾಳಿ ಇನ್ನೂ ಇನ್ನೂ ತುಂಬಬೇಕು. ಗಾಳಿ ತುಂಬಿದಷ್ಟೂ ಪಾದರಸ ಏರುತ್ತದೆ. ಹಾಗಾದರೆ ಆ ನಳಿಗೆಯಲ್ಲಿ ಏರಿದ್ದು ಅಕ್ಕನ ರಕ್ತ ಎಷ್ಟು, ಪಟ್ಟಿ ಗಿಡ್ಡವಾದದ್ದು ಎಷ್ಟು?

ಯಜಮಾನರಿಗೆ ಹೇಳಿದೆ. ಅವರು, ಡಾಕ್ಟರರಿಗೆ ಹೇಳುವುದಾದರೆ ಬರೀ ಬಾಯಿಮಾತಿನಲ್ಲಿ ಹೇಳಬೇಡ ಎಂದರು. ಮಾಸ್ತರರು ತಾನೆ. ಲೆಕ್ಕ ಬಿಡಿಸಿ ತೋರಿಸದೆ ಉತ್ತರ ಬರೆದರೆ ಅವರು ಯಾರಿಗೂ ಮಾರ್ಕು ಕೊಟ್ಟವರಲ್ಲ.

ಮುಂದಿನ ವಾರ ಹುಕ್ಕೇರಿ. ಪಟ್ಟಿ ಕಟ್ಟುವ ಮೊದಲು ಒಬ್ಬೊಬ್ಬಳ ತೋಳಿಗೂ ದಾರ ಸುತ್ತಿ, ಅಷ್ಟಕ್ಕೇ ಕತ್ತರಿಸಿ ಬಂದವರ ಸರದಿಯಲ್ಲೇ ಇಟ್ಟುಕೊಂಡೆ. ಹೆಣ್ಣುಮಕ್ಕಳು ಹೊಸ ಕುಪ್ಪಸ ಹೊಲಿದುಕೊಡುತ್ತಾಳೆಂದು ತಿಳಿದು, ತೋಳಿಗೆ ಅಂಚು ಅಗಲ ಇರಲಿ ಎಂದು ಹೇಳಿ ಹೋದರು. ಡಾಕ್ಟರರ ವಹಿಯಲ್ಲಿ ಹೆಣ್ಣುಮಕ್ಕಳ ಹೆಸರಿರಲಿಲ್ಲ. ಊರು, ವಯಸ್ಸು, ಅಂಕಿ, ಒಂದರ ಕೆಳಗೊಂದು. ಊಟದ ಹೊತ್ತಿಗೆ ಅವರು ಹೊರಗೆ ಹೋದಾಗ ನಾನು ವಹಿ ತೆಗೆದು, ಪ್ರತಿ ಅಂಕಿಯ ಪಕ್ಕದಲ್ಲಿ ಆಕೆಯ ದಾರದ ತುದಿಯನ್ನು ಕಾಗದಕ್ಕೆ ಎರಡು ಹೊಲಿಗೆ ಹಾಕಿ ನಿಲ್ಲಿಸಿದೆ. ಕೇಳಿ ಮಾಡಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು.

ಗೋಕಾಕಕ್ಕೆ ಬಂದ ಮರುದಿನ ಅವರು ನಮ್ಮ ಕಟ್ಟೆಗೆ ಬಂದರು. ಕೈಯಲ್ಲಿ ವಹಿ. ಹಾಳೆಯ ಅಂಚಿನಿಂದ ದಾರಗಳು ಜೋತಾಡುತ್ತಿದ್ದವು. ಮುಖ ಕೆಂಪಗಿತ್ತು.

'ಇದರಾಗ ದಾರಾ ಹೊಲದಾವ್ರು ಯಾರು?'

'ನಾನ ರಿ.'

'ಇದೇನ್ ಆಟದ ವಹಿ ಅಲ್ರಿ ವೈನಿ. ಒಂದ್ ವರ್ಷದ ಕೆಲಸ ಐತಿ ಇದರಾಗ.'

'ಗೊತ್ತೈತಿ. ಅದಕ್ಕ ಹೊಲದೇನಿ. ಬರದಿದ್ರ ಅಳಿಸ್ತಿದ್ರಿ. ಇದನ್ನ ತಗೀಬೇಕಂದ್ರ ಕುಂತು ಬಿಚ್ಚಬೇಕ. ಬಿಚ್ಚೂ ಮುಂದರ ಒಂದೊಂದನ್ನೂ ನೋಡ್ತೀರಿ.'

ಯಜಮಾನರು ಪೇಪರಿನ ಹಿಂದೆ ಕೆಮ್ಮಿದರು. ನಾನು ಒಂದೊಂದು ದಾರವೂ ಒಬ್ಬೊಬ್ಬಳ ತೋಳಿನ ಸುತ್ತಳತೆ ಎಂದು ಹೇಳಿದೆ. ಉದ್ದ ದಾರ ಇದ್ದಲ್ಲೆಲ್ಲ ಅಂಕಿ ನೋಡಿರಿ ಎಂದೆ. ಅವರು ನೋಡಿದರು. ನೋಡುತ್ತಾ ಕೂತರು. ಆದರೆ ಒಪ್ಪಲಿಲ್ಲ. ದಪ್ಪ ಇದ್ದವರಿಗೆ ಒತ್ತಡ ಹೆಚ್ಚೇ ಇರುತ್ತದೆ, ಅದು ಎಲ್ಲ ದೇಶದಲ್ಲೂ ಗೊತ್ತಿದ್ದ ಮಾತು ಎಂದರು.

'ಇರಬಹುದ್ರಿ. ಆದ್ರ ಅದರಾಗ ಅವರ ರಕ್ತದ್ದೆಷ್ಟು, ನಿಮ್ಮ ಪಟ್ಟೀದೆಷ್ಟು, ಬಿಡಿಸಿ ಹೇಳ್ರಿ. ಹೇಳಾಕ ಬರದಿದ್ರ ನಮ್ಮಕ್ಕನ್ನ ಮಲಗಿಸಿದ್ಯಾಕ?'

'ಪಟ್ಟಿ ಮಾಡಿದಾವ್ರು ವಿಲಾಯತಿ ಮಂದಿ. ಅವರಿಗೆ ತಿಳೀಲಾರದ್ದು ನಿಮಗ ತಿಳೀತೇನ್ರಿ?'

'ವಿಲಾಯತಿ ಮಂದಿ ನಮ್ಮಕ್ಕನ ತೋಳ ನೋಡಿಲ್ರಿ. ನಾ ನೋಡೇನಿ.'

ನನ್ನ ದನಿ ಏರಲಿಲ್ಲ. ಕೈಯಲ್ಲಿಯ ಹೊಲಿಗೆಯನ್ನೂ ನಿಲ್ಲಿಸಿರಲಿಲ್ಲ. ಅವರು ಚಹಾ ಅರ್ಧ ಬಿಟ್ಟು ಎದ್ದರು. ಅವರು ಮೆಟ್ಟಿಲು ಇಳಿಯುವಾಗ ನಾನು ಇನ್ನೊಂದು ಮಾತು ಹೇಳಿದೆ: ಅಕ್ಕನ ಮುಂಗೈ ನನ್ನ ರಟ್ಟೆಯಷ್ಟೇ ದಪ್ಪ. ಈ ಪಟ್ಟಿ ಅವಳ ಮುಂಗೈಗೆ ಸುತ್ತಲೂ ಬರುತ್ತದೆ. ಅಲ್ಲಿ ಕಟ್ಟಿರಿ. ಮಣಿಕಟ್ಟಿನಲ್ಲಿ ನಾಡಿ ಹಿಡಿದು ಕೂಡಿರಿ. ಗಾಳಿ ಬಿಡುತ್ತ ಬಂದಾಗ ನಾಡಿ ಎಲ್ಲಿ ಮತ್ತೆ ಹತ್ತುತ್ತದೋ ಅಲ್ಲಿ ಪಾದರಸ ನೋಡಿರಿ. ಅವರು ತಿರುಗಿ ನೋಡದೆ ಹೋದರು.

ಆ ರಾತ್ರಿ ನನಗೆ ನಿದ್ದೆ ಚೆನ್ನಾಗಿಯೇ ಬಂತು. ಹೇಳಬೇಕಾದದ್ದು ಹೇಳಿಯಾಗಿತ್ತು.

ಬೆಳಿಗ್ಗೆ ನಾನು ಅಂಗಳ ಸಾರಿಸುತ್ತಿದ್ದಾಗ ಡಾಕ್ಟರರು ಪೆಟ್ಟಿಗೆ ಹಿಡಿದುಕೊಂಡು ಬಂದರು. ಕೈ ತೊಳ್ಕೊಂಡ ಬರ್ರಿ ವೈನಿ ಎಂದರು. ಅಷ್ಟೇ. ನನ್ನ ರಟ್ಟೆಗೆ ಕಟ್ಟಿ ನಾಡಿ ಹಿಡಿದು ನೋಡಿದರು. ಸೂಜಿ ಹಿಡಿಯುವ ಕೈಯೆಂದು ನನ್ನವು ಎರಡೇ ಸಡಿಲ ಬಳೆ, ಅವನ್ನು ಅಂಗೈ ಕಡೆಗೆ ಸರಿಸಿ ಮುಂಗೈಗೆ ಕಟ್ಟಿ ನೋಡಿದರು. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ. ಯಜಮಾನರ ಕೈ ಹಿಡಿದು ನೋಡಿದರು, ಅಲ್ಲೂ ಹಾಗೇ. ಆಮೇಲೆ ಓಣಿಯ ದಪ್ಪನ್ನ ವಿಧವೆ ಅಜ್ಜಿಯೊಬ್ಬರನ್ನು ಕರೆಸಿದರು. ಆಕೆಯ ರಟ್ಟೆ ಹೇಳಿದ್ದಕ್ಕೂ ಮುಂಗೈ ಹೇಳಿದ್ದಕ್ಕೂ ಪಾದರಸದಲ್ಲಿ ಒಂದು ಬೆರಳು ಫರಕು, ರಟ್ಟೆಯದೇ ಮೇಲೆ. ಡಾಕ್ಟರರು ಪೆಟ್ಟಿಗೆ ಮುಚ್ಚಿ, ಮೂಡಲಗಿಗೆ ಮೋಟಾರು ಎಷ್ಟು ಹೊತ್ತಿಗೆ ಎಂದು ಕೇಳಿದರು. ಕುಬಸಕ್ಕೆ ಇನ್ನು ನಾಲ್ಕು ದಿನ ಇತ್ತು.

ಮೂಡಲಗಿಯಲ್ಲಿ ಭಾವನವರು ಬಾಗಿಲಲ್ಲೇ ತಡೆದರು. ಮತ್ತೆ ಯಂತ್ರ ಕಟ್ಟಿ ಅವಳನ್ನು ಗಾಬರಿಗೊಳಿಸುವುದು ಬೇಡ ಎಂದರು. ನಾನು ಅವರನ್ನು ದಾಟಿಕೊಂಡು ಒಳಗೆ ಹೋದೆ. ಹುಟ್ಟಿ ಅದೇ ಮೊದಲು ನಾನು ಭಾವನವರ ಮಾತು ಮೀರಿದ್ದು.

ಅಕ್ಕನ ಮುಂಗೈ ಹಿಡಿದು ನೋಡಿದಾಗ ನಾನು ನೆನೆಯದೆ ಇದ್ದ ಒಂದು ತೊಡಕು ಎದುರಿಗೆ ಬಂತು. ಬಳೆ. ಮಣಿಕಟ್ಟಿನಿಂದ ಮೇಲಕ್ಕೆ ಒಂದು ಡಜನ್ ಹಸಿರು ಗಾಜಿನ ಬಳೆ, ಮೂರು ತಿಂಗಳು ಮಲಗಿದ ಕೈಯಲ್ಲಿ ಬಿಗಿಯಾಗಿ ಕೂತಿದ್ದವು. ಅವನ್ನು ತೆಗೆಯದೆ ಪಟ್ಟಿ ಕೂಡುವುದಿಲ್ಲ, ನಾಡಿಯೂ ಸಿಗುವುದಿಲ್ಲ. ಮುತ್ತೈದೆ ಬಳೆ ತೆಗೆಯುವುದೆಂದರೆ ಬಳೆಗಾರನ ಮುಂದೆ ಹೊಸ ಬಳೆ ಇಡಿಸಿಕೊಳ್ಳುವಾಗ ಮಾತ್ರ. ಆಗಲೂ ಕೈ ಬರಿದಾಗಬಾರದೆಂದು ಒಂದನ್ನು ಉಳಿಸುತ್ತಾರೆ. ಬಳೆ ಇರುವುದು ಗಂಡನ ಆಯುಷ್ಯಕ್ಕೆ. ನೆಗೆಣ್ಣಿ ಸೆರಗು ಬಾಯಿಗೆ ಹಿಡಿದಳು. ಭಾವನವರು, ಇದು ಮಾತ್ರ ಆಗದು, ಈ ಮನೆಯಲ್ಲಿ ಅಂಥ ಅಪಶಕುನ ನಡೆಯದು ಎಂದರು. ಡಾಕ್ಟರರು ನನ್ನನ್ನು ನೋಡಿದರು. ನಾನು ಅಕ್ಕನನ್ನು ನೋಡಿದೆ.

ಅಕ್ಕ ಎದ್ದು ಕೂತಳು. ಯಾರೂ ಎಬ್ಬಿಸಲಿಲ್ಲ.

'ತಂಗಿ, ಸಬಕಾರ ತಾ' ಎಂದಳು. ಸಾಬೂನು ನೊರೆ ಮಾಡಿ ಕೈಗೆ ಸವರಿಕೊಂಡು ಬಳೆಗಳನ್ನು ಒಂದೊಂದಾಗಿ ಇಳಿಸತೊಡಗಿದಳು. ಒಂದೂ ಒಡೆಯಲಿಲ್ಲ. ಒಂದೊಂದನ್ನೂ ಹಾಸಿಗೆಯ ಮೇಲೆ ಇಡುತ್ತ ಗಂಡನ ಕಡೆ ನೋಡಿ ಹೇಳಿದಳು:

'ನಾಳ ಒಡೀತೈತಿ, ಸಾಯ್ತಾಳಂತ ಹೇಳಿ ಮೂರ್ ತಿಂಗಳ ಮಲಗಿಸೀರಿ. ನಾ ಸತ್ತರ ಈ ಬಳಿ ಯಾರಿಗಿ ಹಾಕ್ತೀರಿ? ಒಂದ್ ಗಳಿಗಿ ಕೈ ಬಿಟ್ಟರ ನಿಮ್ಮ ಆಯುಷ್ಯ ಕಡಿಮಿ ಆಗೂದಿಲ್ಲ. ಹಂಗ ಆತಂದ್ರ ಪಾಪ ನನ್ನ ಮ್ಯಾಲ ಹಾಕ್ರಿ. ನನ್ನ ಮಗಳ ಕುಬಸ ನಾ ಬಿಡೂದಿಲ್ಲ.'

ಕೈ ಬರಿದಾಗಬಾರದೆಂದು ನಾನು ನನ್ನ ಚೀಲದಿಂದ ಹಸಿರು ದಾರ ತೆಗೆದು ಅವಳ ಮಣಿಕಟ್ಟಿಗೆ ಕಟ್ಟಿದೆ. ಹುಡುಗಿಯ ಕುಪ್ಪಸ ಹೊಲಿದು ಉಳಿದ ದಾರ. ನಾಡಿ ಹಿಡಿಯಲು ದಾರ ಅಡ್ಡ ಬರುವುದಿಲ್ಲ. ಭಾವನವರು ಆ ದಾರವನ್ನು ನೋಡಿದರು. ಗೋಡೆಗೆ ಆತು ಕೆಳಗೆ ಕೂತರು.

ಪಟ್ಟಿ ಅಕ್ಕನ ಮುಂಗೈಗೆ ಸುತ್ತಲೂ ಬಂದು ತುದಿ ಸಿಕ್ಕಿಸಲೂ ಉಳಿಯಿತು. ಆವತ್ತು ಪರದೆ ಕಟ್ಟುವುದು ಯಾರಿಗೂ ನೆನಪಾಗಲಿಲ್ಲ. ಡಾಕ್ಟರರು ಅವಳ ನಾಡಿ ಹಿಡಿದು, ಚೆಂಡು ಒತ್ತಿ, ಗಾಳಿ ಬಿಡುತ್ತ ಬಂದರು. ನಾನು ಅವರ ಮುಖ ನೋಡಲಿಲ್ಲ, ಪಾದರಸ ನೋಡಿದೆ. ಮೊದಲ ಸಲ ಎಲ್ಲಿ ನಿಂತಿತ್ತೋ ಆ ಗೆರೆ ನನಗೆ ನೆನಪಿತ್ತು. ಅದನ್ನು ದಾಟಿತು. ಇನ್ನೂ ಇಳಿಯಿತು. ಅವರ ಬೆರಳು ಅಲುಗಲಿಲ್ಲ. ಒಂದೂವರೆ ಬೆರಳಿನಷ್ಟು ಕೆಳಗೆ ಬಂದಾಗ ಅವರು ನಾಡಿ ಸಿಕ್ಕಿತೆಂದು ತಲೆ ಆಡಿಸಿದರು. ಮತ್ತೊಮ್ಮೆ ನೋಡಿದರು, ಮಗದೊಮ್ಮೆ ನೋಡಿದರು. ನಂತರ ಕಿವಿಯ ನಳಿಗೆಯಿಂದ ಎದೆ ಕೇಳಿದರು, ದೀಪ ತರಿಸಿ ಕಣ್ಣು ನೋಡಿದರು, ಪಾದ ಒತ್ತಿ ನೋಡಿದರು.

ಆಮೇಲೆ ಅಕ್ಕನಿಗೇ ಹೇಳಿದರು, ಭಾವನವರಿಗಲ್ಲ. 'ಒತ್ತಡ ಸ್ವಲ್ಪ ಹೆಚ್ಚ ಐತ್ರಿ. ಸುಳ್ಳ ಹೇಳೂದಿಲ್ಲ. ಆದ್ರ ನಾ ಅವತ್ತ ಹೇಳಿದಷ್ಟಿಲ್ಲ. ಹಾಸಿಗಿ ಹಿಡಸೂವಷ್ಟ ಇರಲೇ ಇಲ್ಲ. ತಪ್ಪ ನಂದು.'

ಭಾವನವರು ಅಂಗೈಯಿಂದ ಮುಖ ಮುಚ್ಚಿಕೊಂಡರು. ಆಕೆಯನ್ನು ಮೂರು ತಿಂಗಳು ನಾನೇ ಮಲಗಿಸಿದೆನಲ್ಲ ಎಂದು ತಮಗೆ ತಾವೇ ಅಂದುಕೊಂಡರು. ಅಕ್ಕ, 'ಮಲಗಿದಾಕಿ ನಾನು. ಎದ್ದೇಳಾಕಿನೂ ನಾನ. ನೀವ್ಯಾಕ ಅಳ್ತೀರಿ' ಎಂದಳು. ಕಾಲು ಕೆಳಗಿಟ್ಟಳು.

ಮೂರು ತಿಂಗಳು ನೆಲ ಮುಟ್ಟದ ಕಾಲು. ನಡುಗುತ್ತಿತ್ತು. ನಾನು ಕೈ ಕೊಡಲು ಹೋದರೆ ಬೇಡ ಅಂದಳು. ಗೋಡೆ ಹಿಡಿದು ಅಡುಗೆಮನೆಯವರೆಗೆ ಹೋಗಿ, ಹೊಸ್ತಿಲಲ್ಲಿ ನಿಂತು ಒಲೆ, ಗಡಿಗೆ, ನೆಲುವು ಎಲ್ಲ ಒಮ್ಮೆ ಕಣ್ಣಾಡಿಸಿದಳು. ನೆಗೆಣ್ಣಿ ಸೊಂಟದಿಂದ ಕೀಲಿಕೈಯ ಗೊಂಚಲು ಬಿಚ್ಚಿ ಚಾಚಿದಳು. ಹತ್ತರಗಿಯಿಂದ ಬಂದ ಮೇಲೆ ಇಸಿದುಕೊಳ್ಳುತ್ತೇನೆ, ಅಲ್ಲಿಯವರೆಗೆ ನೀನೇ ಇಟ್ಟುಕೋ ಎಂದಳು ಅಕ್ಕ. ಉಪ್ಪಿನಕಾಯಿಯ ಭರಣಿಯ ಬಾಯಿಗೆ ಅರಿವೆ ಸಡಿಲ ಕಟ್ಟಿದ್ದಾರೆಂದು ಅದನ್ನು ಬಿಚ್ಚಿ ಬಿಗಿದು ಕಟ್ಟಿದಳು.

ಡಾಕ್ಟರರ ಮಾತು ಇಷ್ಟಕ್ಕೆ ಮುಗಿಸುವುದು ಸರಿಯಲ್ಲ. ಉದ್ದ ದಾರ ಇದ್ದವರ ಅಂಕಿಗಳನ್ನೆಲ್ಲ ಅವರು ಹೊಡೆದುಹಾಕಿದರು. ಹಿಂದಿನ ಊರುಗಳಿಗೆಲ್ಲ ಮತ್ತೆ ಹೋದೆವು. ಈ ಸಲ ಮೊದಲು ತೋಳಿನ ಅಳತೆ, ಆಮೇಲೆ ಪಟ್ಟಿ. ದೊಡ್ಡ ತೋಳಿಗೆಂದು ಅಗಲದ ಚೀಲ ತರಿಸಿದರು, ಅದಕ್ಕೆ ಅರಿವೆ ನಾನು ಹೊಲಿದೆ. ಆದರೆ ಎಲ್ಲವೂ ಪಟ್ಟಿಯ ತಪ್ಪಲ್ಲವೆಂದೂ ಅದೇ ದಾರಗಳು ಹೇಳಿದವು. ಮಮದಾಪುರದಲ್ಲಿ ಸಿಟ್ಟು ಅಳೆಯುವ ಯಂತ್ರವೇ ಎಂದು ಕೇಳಿದಾಕೆಯ ದಾರ ಎಲ್ಲರದಕ್ಕಿಂತ ಗಿಡ್ಡ. ಆಕೆಯ ಅಂಕಿ ಮಾತ್ರ ಬಹಳ ಮೇಲಿತ್ತು. ಬಡಕಲು ಮೈಗೆ ಏನಾಗುತ್ತದೆ ಎಂದು ಮೊದಲ ಸಲ ಯಾರೂ ಅದರ ಕಡೆ ಲಕ್ಷ್ಯ ಕೊಟ್ಟಿರಲಿಲ್ಲ. ಎರಡನೆಯ ಸಲ ಡಾಕ್ಟರರು ಆಕೆಯ ಮನೆಗೇ ಹೋಗಿ ಕೂತರು. ಅವರ ಬರಹ ಮುಂದೆ ಎಲ್ಲಿಯೋ ಅಚ್ಚಾಯಿತಂತೆ. ಅದರಲ್ಲಿ ದಾರದ ಮಾತು ಬಂದಿದೆಯೋ ಇಲ್ಲವೋ ನಾನು ಕೇಳಲಿಲ್ಲ. ಇಲ್ಲಿ ಬರೆದಿದ್ದೇನೆ.

ಕುಬಸದ ಹಿಂದಿನ ದಿನ ಅಕ್ಕ ಮೋಟಾರಿನಲ್ಲಿ ಗೋಕಾಕಕ್ಕೆ ಬಂದು ನಮ್ಮಲ್ಲಿ ಉಳಿದಳು. ಬೆಳಿಗ್ಗೆ ಎಲ್ಲರೂ ಕೂಡಿ ಹತ್ತರಗಿಗೆ ಹೊರಟೆವು. ಭಾವನವರು ಒಂದು ದಿಂಬು, ಒಂದು ತಂಬಿಗೆ ನೀರು, ಒಂದು ಬೀಸಣಿಗೆ ಹಿಡಿದುಕೊಂಡೇ ಬಂದರು. ಹುಕ್ಕೇರಿ ದಾಟುವವರೆಗೆ ಬೀಸಿದರು. ಅಕ್ಕ, ಸಾಕು ಬಿಡ್ರಿ, ಮಂದಿ ನಗ್ತಾರ ಎಂದ ಮೇಲೆ ಬೀಸಣಿಗೆ ನನ್ನ ಯಜಮಾನರ ಕೈಗೆ ಬಂತು.

ಹತ್ತರಗಿಯಲ್ಲಿ ಬೀಗರು ಅಕ್ಕನಿಗೆಂದು ಹೊರಸು ಹಾಕಿಸಿ, ಮೇಲೆ ಕಂಬಳಿ ಹಾಸಿ ಇಟ್ಟಿದ್ದರು. ಅಕ್ಕ ಅದರ ಮೇಲೆ ಹಸಿರು ಸೀರೆಯ ಗಂಟು ಇಟ್ಟಳು, ತಾನು ಕೂಡಲಿಲ್ಲ. ಮಗಳು ತಾಯಿಯನ್ನು ಕಂಡು ಅಳಲೋ ನಗಲೋ ತಿಳಿಯದೆ ನಿಂತಿದ್ದಳು. ಅಕ್ಕ ಅವಳನ್ನು ಮಣೆಯ ಮೇಲೆ ಕೂಡಿಸಿ, ಆ ಹಸಿರು ಕುಪ್ಪಸ ತನ್ನ ಕೈಯಾರೆ ತೊಡಿಸಿದಳು. ತೋಳು ಬಿಗಿಯಾಯಿತು, ಹುಡುಗಿ ನಾನು ಎಣಿಸಿದ್ದಕ್ಕಿಂತ ಹೆಚ್ಚು ತುಂಬಿಕೊಂಡಿದ್ದಳು. ನಾನು ಅಲ್ಲೇ ಕೂತು ಒಳಗೆ ಬಿಟ್ಟಿದ್ದ ಅರಿವೆ ಬಿಚ್ಚಿ ಮತ್ತೆ ಹೊಲಿದೆ. ಅಕ್ಕ ಅಷ್ಟು ಹೊತ್ತೂ ಮಗಳ ತೋಳು ಹಿಡಿದು ನಿಂತಿದ್ದಳು.

ಊಟಕ್ಕೆ ಕೂತಾಗ ಬೀಗರ ಮನೆಯ ಹೆಣ್ಣುಮಗಳು ವಾಡಿಕೆಯಂತೆ ಮೊದಲು ಉಪ್ಪು ಬಡಿಸುತ್ತ ಬಂದಳು. ಅಕ್ಕನ ತಾಟಿನ ಮುಂದೆ ಬಂದಾಗ ಅವಳ ಕೈ ತಾನೇ ನಿಂತಿತು. ಮೂಡಲಗಿಯ ಸುದ್ದಿ ಹತ್ತರಗಿಗೂ ಮುಟ್ಟಿತ್ತು. ಅವಳು ಭಾವನವರ ಮುಖ ನೋಡಿದಳು, ಹಾಕಲೋ ಬೇಡವೋ ಎಂದು. ಭಾವನವರು ತಲೆ ಎತ್ತಲಿಲ್ಲ, ಅಕ್ಕನ ಕಡೆಗೆ ಕೈ ತೋರಿಸಿದರು.

'ಚಿಟಿಕಿ ಹಾಕ ತಂಗಿ' ಎಂದಳು ಅಕ್ಕ. 'ಸಾಕು ಅಂತ ನಾ ಹೇಳ್ತೀನಿ.'

ಆಕೆ ಹಾಕಿದಳು. ನಾಲ್ಕು ಹರಳು ಬಿದ್ದಿರಬಹುದು. ಅಕ್ಕ ತನ್ನ ಅಂಗೈಯನ್ನು ತಾಟಿನ ಮೇಲೆ ಅಡ್ಡ ಹಿಡಿದಳು. ಆ ಕೈಯಲ್ಲಿ ಡಜನ್ ಬಳೆ ಮತ್ತೆ ಏರಿದ್ದವು. ಅವುಗಳ ನಡುವೆ ನಾನು ಕಟ್ಟಿದ ಹಸಿರು ದಾರ ಇನ್ನೂ ಇತ್ತು, ಅವಳು ಬಿಚ್ಚಿರಲಿಲ್ಲ.